ಗೆರೆ ನೋಡಿ ಗಿರಣಿ ತಂದ ಶೋಭಾರಾಣಿ

ಶೋಭಾರಾಣಿಯನ್ನು ನಾನು ಮೊದಲು ನೋಡಿದ್ದು ಗಂಗಾವತಿಯ ಒಂದು ಬಟ್ಟೆ ಅಂಗಡಿಯಲ್ಲಿ. ನನ್ನ ತಂಗಿ ಹುಲಿಗೆಮ್ಮನ ಮಗ ದುರಗೇಶನಿಗೆ ಆಕೆಯನ್ನು ಗೊತ್ತು ಮಾಡಿದ್ದರು. ನಿಶ್ಚಯದ ಹೊತ್ತಿಗೆ ನನಗೆ ಜ್ವರ ಬಂದು ಹೋಗಲಿಕ್ಕೆ ಆಗಿರಲಿಲ್ಲ. ಹಾಗಾಗಿ ಲಗ್ನದ ಜವಳಿ ತೆಗೆಯುವ ದಿನವೇ ಆ ಹುಡುಗಿಯ ಮುಖ ಕಂಡದ್ದು. ಹುಲಿಹೈದರದಿಂದ ನಾವು ಒಂದು ಟಂಟಂ ತುಂಬ ಹೋದೆವು. ಕುಷ್ಟಗಿ ಕಡೆಯಿಂದ ಅವರು ಬಸ್ಸಿಗೆ ಬಂದರು.

ಜವಳಿ ತೆಗೆಯುವಾಗ ಮದುಮಗಳು ತಲೆ ತಗ್ಗಿಸಿ ಕೂತಿರುತ್ತಾಳೆ. ಹಿರಿಯರು ಯಾವ ಸೀರೆ ಎತ್ತಿ ತೋರಿಸಿದರೂ ಹೂಂ ಅನ್ನುತ್ತಾಳೆ. ಈಕೆಯೂ ತಲೆ ತಗ್ಗಿಸಿಯೇ ಕೂತಿದ್ದಳು, ಸುಳ್ಳು ಯಾಕೆ ಹೇಳಲಿ. ಆದರೆ ತಗ್ಗಿಸಿದ ತಲೆ ಸೀರೆಯ ಸೆರಗಿನ ಕಡೆ ಇರಲಿಲ್ಲ, ಬೆಲೆಯ ಚೀಟಿಯ ಕಡೆ ಇತ್ತು. ಧಾರೆಯ ಸೀರೆಯ ಚೀಟಿಯನ್ನು ಬೆರಳಿನಿಂದ ಸವರಿದಳು, ಒಂದು ಮೂಲೆಯಿಂದ ಉಗುರು ಹಾಕಿ ಮೆಲ್ಲಗೆ ಎಬ್ಬಿಸಿದಳು.

"ಅಣ್ಣಾರ, ಇದರ ಕೆಳಗ ಇನ್ನೊಂದು ಚೀಟಿ ಐತಲ್ರಿ."

ಅಂಗಡಿಯವನು ನಕ್ಕ. "ಅದು ಹಳೇ ಸ್ಟಾಕಿಂದು, ಬಿಡವಾ."

"ಹಳೇ ಸ್ಟಾಕ್ ಅಂದ್ರ ಸೋವಿ ಆಗಬೇಕಲ್ರಿ. ಇದು ತುಟ್ಟಿ ಆಗೇತಿ. ಹೊರಗ ಬೋರ್ಡಿನ ಮ್ಯಾಗ ಮೂವತ್ತು ಪರ್ಸೆಂಟ್ ಬಿಟ್ಟೀವಿ ಅಂತ ಬರದೀರಿ. ಮೊದಲ ಮೂವತ್ತು ಏರಿಸೀರಿ, ಆಮ್ಯಾಲ ಬಿಟ್ಟೀರಿ."

ಆಕೆಯ ತಾಯಿ ಮಗಳ ತೊಡೆ ಚಿವುಟಿದ್ದು ನನಗೆ ಕಂಡಿತು. ಹುಲಿಗೆಮ್ಮ ನನ್ನ ಕಿವಿಯಲ್ಲಿ, "ಯಕ್ಕಾ, ನಾ ಸೊಸಿ ನೋಡೀನೋ, ಪೊಲೀಸ ಸಾಹೇಬ್ರನ್ನ ನೋಡೀನೋ?" ಅಂದಳು. ನನಗೆ ನಗು ತಡೆಯಲಿಲ್ಲ.

"ನಿನಗ ಹ್ಯಾಂಗ ಗೊತ್ತಾತವಾ?" ಅಂತ ನಾನೇ ಕೇಳಿದೆ.

"ನಾ ಪಿಯುಸಿ ಮುಗಿಸಿ ಕುಷ್ಟಗ್ಯಾಗ ಒಂದು ಅಂಗಡಿಯೊಳಗ ಚೀಟಿ ಅಂಟಸಾಕ ಹೋಗ್ತಿದ್ನಿರಿ. ದಸರಾ ಬರಾಕತ್ತು ಅಂದ್ರ ನಮಗ ಇದ ಕೆಲಸ. ಹಳೇ ಚೀಟಿ ಮ್ಯಾಗ ಹೊಸಾದು ಹಚ್ಚೋದು."

ನಾನು ಹತ್ತಿ ಬಿಡಿಸಲಿಕ್ಕೆ ಹೋಗಿದ್ದೆ, ಕಳೆ ತೆಗೆಯಲಿಕ್ಕೆ ಹೋಗಿದ್ದೆ ಅಂತ ಹೇಳುವ ಹಾಗೆಯೇ ಹೇಳಿದಳು. ನಾಚಿಕೆಯೂ ಇಲ್ಲ, ಜಂಭವೂ ಇಲ್ಲ. ಕೊನೆಗೆ ಅಂಗಡಿಯವನು ಕೆಳಗಿನ ಚೀಟಿಯ ಬೆಲೆಯಲ್ಲೇ ಮೂವತ್ತು ಪರ್ಸೆಂಟ್ ಬಿಟ್ಟು ಸೀರೆ ಕಟ್ಟಿಕೊಟ್ಟ. ಕಂಬಕ್ಕೆ ಒರಗಿ ಕೂತಿದ್ದ ದುರಗೇಶ ಆಕೆಯನ್ನು ನೋಡಿದ ರೀತಿ ನೋಡಿ, ಈ ಮನೆ ನಡೆಯುತ್ತದೆ ಅಂದುಕೊಂಡೆ.

ಲಗ್ನವಾಗಿ ಬಂದ ಮೇಲೆ ಆಕೆ ನಮ್ಮ ರೊಟ್ಟಿ ಸಂಘಕ್ಕೆ ಸೇರಿದಳು. ನಮ್ಮ ಓಣಿಯ ಕೆಲವು ಹೆಣ್ಣುಮಕ್ಕಳು ಕೂಡಿ ಜೋಳದ ಕಡಕ್ ರೊಟ್ಟಿ ಬಡಿದು ಮದುವೆ ಮನೆಗಳಿಗೆ, ಖಾನಾವಳಿಗಳಿಗೆ ಕೊಡುತ್ತೇವೆ. ನನ್ನ ಯಜಮಾನರು ಹೋದ ಮೇಲೆ ಮೊದಲು ನಾನೊಬ್ಬಳೇ ಬಡಿಯುತ್ತಿದ್ದೆ. ಆಮೇಲೆ ಎದುರು ಮನೆಯ ಶಾಹಜಾದಬಿ ಬಂದಳು, ತಂಗಿ ಬಂದಳು, ಹೀಗೆ ಬೆಳೆಯಿತು. ಒಲೆ ನನ್ನ ಮನೆಯ ಪಡಸಾಲೆಯಲ್ಲೇ.

ಶೋಭಾ ಮೊದಮೊದಲು ಬಡಿದ ರೊಟ್ಟಿ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಶಾಹಜಾದಬಿ ಅದನ್ನು ಎತ್ತಿ ಹಿಡಿದು, "ಇದು ಯಲಬುರ್ಗಾ ತಾಲೂಕಿನ ನಕಾಶೆ ಆಗೇತಿ ನೋಡ್ರಿ" ಅಂದಳು. ಶೋಭಾ ಸಿಟ್ಟಾಗಲಿಲ್ಲ. "ಯಲಬುರ್ಗಾ ಅಲ್ರೀ, ಕುಷ್ಟಗಿ. ನಮ್ಮೂರು ಇಲ್ಲಿ ಬರ್ತೈತಿ" ಅಂತ ಬೆರಳಿಟ್ಟು ತೋರಿಸಿದಳು. ಈಗ ಆಕೆಯ ರೊಟ್ಟಿ ಹುಣ್ಣಿಮೆ ಚಂದ್ರ. ಅದನ್ನು ಕಲಿಸಿದ್ದು ನಾನು, ಅದು ಬೇರೆ ಮಾತು.

ಇನ್ನು ಫೋನಿನ ಕಥೆ ಹೇಳುತ್ತೇನೆ. ಈಗ ಊರಿನಲ್ಲಿ ಫೋನಿನಿಂದ ಸಾಮಾನು ತರಿಸದ ಮನೆ ಇಲ್ಲ. ಪಾತ್ರೆಯಿಂದ ಹಿಡಿದು ಹೊದಿಕೆಯ ತನಕ ಎಲ್ಲವೂ ಡಬ್ಬಿಯಲ್ಲಿ ಬರುತ್ತವೆ. ಪ್ರತಿಯೊಂದರ ಕೆಳಗೆ ಒಂದು ದೊಡ್ಡ ಬೆಲೆ ಬರೆದು ಅದಕ್ಕೆ ಗೀಟು ಹೊಡೆದಿರುತ್ತಾರೆ, ಪಕ್ಕದಲ್ಲಿ ಸಣ್ಣ ಬೆಲೆ. ನೋಡಿದವರಿಗೆ ಲಾಭವೇ ಲಾಭ. ಶೋಭಾ ಅದನ್ನು ಮೊದಲ ಸಲ ನೋಡಿದಾಗಲೇ, "ಇದು ಚೀಟಿ ಮ್ಯಾಗ ಚೀಟಿ ಹಚ್ಚಿದ್ದು" ಅಂದುಬಿಟ್ಟಳು. ಆದರೆ ಫೋನಿನ ಚೀಟಿಯನ್ನು ಉಗುರಿನಿಂದ ಕೀಳಲಿಕ್ಕೆ ಬರುವುದಿಲ್ಲವಲ್ಲ. ಹುಡುಕಿ ಹುಡುಕಿ ಬೇರೊಂದು ಆ್ಯಪ್ ಹಾಕಿಕೊಂಡಳು. ಯಾವ ಸಾಮಾನು ಬೇಕೋ ಅದನ್ನು ಅದರೊಳಗೆ ಹಾಕಿದರೆ, ಹಿಂದಿನ ತಿಂಗಳುಗಳಲ್ಲಿ ಅದರ ಬೆಲೆ ಎಷ್ಟೆಷ್ಟಿತ್ತು ಅಂತ ಒಂದು ಗೆರೆ ಎಳೆದು ತೋರಿಸುತ್ತದೆ. ಬೆಲೆ ಏರಿದಲ್ಲಿ ಗೆರೆ ಗುಡ್ಡ ಹತ್ತುತ್ತದೆ, ಇಳಿದಲ್ಲಿ ಹಳ್ಳಕ್ಕೆ ಇಳಿಯುತ್ತದೆ. ನಮಗೆ ಬೇಕಾದ ಬೆಲೆ ಹೇಳಿ ಇಟ್ಟರೆ, ಅಷ್ಟಕ್ಕೆ ಇಳಿದ ದಿನ ಗಂಟೆ ಬಾರಿಸಿ ಕರೆಯುತ್ತದೆ. ನನಗೆ ಅಕ್ಷರ ಅಷ್ಟಕ್ಕಷ್ಟೇ, ಗೆರೆ ಮಾತ್ರ ತಕ್ಷಣ ತಿಳಿಯಿತು.

ಶಾಹಜಾದಬಿ ಮಗಳ ಲಗ್ನಕ್ಕೆ ಒಂದು ಕುಕ್ಕರ್ ಸೆಟ್ ನೋಡಿದ್ದಳು. ಅರ್ಧಕ್ಕೆ ಅರ್ಧ ಬಿಟ್ಟಿದ್ದಾರೆ, ಇವತ್ತೇ ಕೊನೆ ಅಂತ ಬರೆದಿತ್ತು. ಆಕೆಗೆ ಊಟ ಸೇರಲಿಲ್ಲ. ಶೋಭಾ ಗೆರೆ ತೆಗೆದು ತೋರಿಸಿದಳು. ಗೆರೆ ಕಾಲುವೆಯ ದಂಡೆಯ ಹಾಗೆ ನೆಟ್ಟಗಿತ್ತು. ಹೋದ ವರ್ಷದಿಂದ ಅದೇ ಬೆಲೆ.

"ಅಂದ್ರ ವರ್ಷಾನಗಟ್ಟಲೆ ಇವತ್ತ ಕೊನೆ ಅನ್ನಾಕತ್ಯಾರೇನು?" ಅಂತ ಶಾಹಜಾದಬಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಹೂನ್ರೀ ಚಾಚಿ. ನೀವು ಆರಾಮ ಉಣ್ರಿ. ನಾಳೆನೂ ಇರ್ತೈತಿ."

ಅವತ್ತಿನಿಂದ ಓಣಿಯವರು ಏನು ತರಿಸಬೇಕಾದರೂ, "ಶೋಭಾ, ಸ್ವಲ್ಪ ಗೆರಿ ನೋಡವಾ" ಅಂತ ಬರತೊಡಗಿದರು. ಚಳಿಗಾಲದಲ್ಲಿ ಫ್ಯಾನು ಇಳಿದದ್ದನ್ನು ನೋಡಿ ನಮ್ಮ ಪಡಸಾಲೆಗೆ ಒಂದು ತರಿಸಿಕೊಟ್ಟಳು. ಅದು ನಿಜವಾದ ಲಾಭ, ನಾನೇ ಸಾಕ್ಷಿ.

ಆದರೆ ಎಲ್ಲವೂ ಲಾಭ ಅಂದರೆ ತಪ್ಪಾದೀತು. ದುರಗೇಶ ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸ ಮಾಡುತ್ತಾನೆ, ಬಿಸಿಲಲ್ಲಿ ತಿರುಗಿ ಬರುತ್ತಾನೆ. ಬೇಸಿಗೆಯ ಮೊದಲಲ್ಲೇ ಕೂಲರ್ ಬೇಕು ಅಂದ. ಶೋಭಾ ಗೆರೆ ನೋಡಿ, ಇನ್ನೂ ಇಳಿಯುತ್ತದೆ ತಡೀರಿ ಅಂದಳು. ಯುಗಾದಿ ಹೋಯಿತು, ಬಸವ ಜಯಂತಿ ಹೋಯಿತು. ಗೆರೆ ಗುಡ್ಡದ ಮೇಲೇ ಕೂತಿತ್ತು. ಗಂಟೆ ಬಾರಿಸಿದ್ದು ಮೃಗಶಿರಾ ಮಳೆ ಹೊಯ್ಯುವಾಗ. ಹೊರಗೆ ಜಡಿಮಳೆ, ಒಳಗೆ ಹೊಸ ಕೂಲರ್. ದುರಗೇಶ ಅದರ ಮುಂದೆ ಕಂಬಳಿ ಹೊದ್ದು ಕೂತು, "ದೊಡ್ಡವ್ವಾ, ಬರ್ರಿ, ನನ್ನ ಹೆಂಡ್ತಿ ಉಳಿಸಿದ ರೊಕ್ಕದ ಗಾಳಿ ತಗೋರಿ" ಅಂತ ಓಣಿಗೆಲ್ಲ ಕೇಳುವ ಹಾಗೆ ಕರೆದ. ಶೋಭಾ ನಕ್ಕಳು, ಆದರೆ ಕಲಿತಳು. ಬೆಲೆ ಕಾಯುತ್ತದೆ, ಮೈ ಕಾಯುವುದಿಲ್ಲ ಅನ್ನುವುದನ್ನು ಆಮೇಲೆ ಆಕೆಗೆ ಯಾರೂ ಹೇಳಬೇಕಾಗಲಿಲ್ಲ.

ಈ ವರ್ಷ ದಸರಾಕ್ಕಿಂತ ಮುಂಚೆ ನಮಗೊಂದು ಕಷ್ಟ ಬಂತು. ಗಂಗಾವತಿಯಲ್ಲಿ ಮದುವೆ ಅಡುಗೆ ಗುತ್ತಿಗೆ ಹಿಡಿಯುವ ಗೋವಿಂದರಾಜ ನಮ್ಮ ದೊಡ್ಡ ಗಿರಾಕಿ. ಅವನು ಒಂದು ರೊಟ್ಟಿ ಕಟ್ಟು ಹಿಡಿದುಕೊಂಡು ಬಂದು ಪಡಸಾಲೆಯಲ್ಲಿ ನನ್ನೆದುರು ಕೂತ.

"ಪಕೀರಮ್ಮಾರ, ನಿಮ್ಮ ರೊಟ್ಟಿಗೆ ಹೆಸರೈತಿ. ನಾ ಇಲ್ಲ ಅನ್ನಂಗಿಲ್ಲ. ಆದ್ರ ಹೋದ ಸಲ ಬೀಗರು ಮಸರಿನ ಕೂಡ ತಿಂದ್ರೂ ಖಾರ ಹತ್ತೈತಿ ಅಂದ್ರು."

ಅವನ ಮಾತು ಖರೆ. ಊರ ಗಿರಣಿಯಲ್ಲಿ ಒಣ ಮೆಣಸಿನಕಾಯಿಯೂ ಅಲ್ಲೇ, ಜೋಳವೂ ಅಲ್ಲೇ. ಮೆಣಸಿನಕಾಯಿಯ ಹಿಂದೆ ನಮ್ಮ ಪಾಳಿ ಬಂದರೆ ಹಿಟ್ಟಿಗೆ ಘಾಟು ಹಿಡಿಯುತ್ತದೆ. ಹಿಟ್ಟು ಬೀಸಿ ತಂದು ಇಟ್ಟುಕೊಳ್ಳೋಣವೆಂದರೆ ಜೋಳದ ಹಿಟ್ಟು ಹಳತಾದರೆ ಜಿಗಿ ಕಳೆದುಕೊಳ್ಳುತ್ತದೆ, ರೊಟ್ಟಿ ಅಂಚಿನಲ್ಲಿ ಸೀಳುತ್ತದೆ.

ಗೋವಿಂದರಾಜ ಮುಂದುವರಿಸಿದ. "ತುಳಸಿ ಲಗ್ನ ಆದಮ್ಯಾಗ ಒಂದರ ಹಿಂದ ಒಂದು ಮದವಿ ಅದಾವ. ಅಷ್ಟರೊಳಗ ಸ್ವಚ್ಛ ಹಿಟ್ಟಿನ ವ್ಯವಸ್ಥಾ ಮಾಡಿಕೊಂಡ್ರ ಇಡೀ ಹಂಗಾಮು ನಿಮಗ. ಇಲ್ಲಂದ್ರ ಕಾರಟಗ್ಯಾಗ ಮಷಿನ್ ರೊಟ್ಟಿ ಮಾಡೋರು ನನ್ನ ಬೆನ್ನು ಹತ್ಯಾರ."

ಅವನು ಎದ್ದು ಹೋದ ಮೇಲೆ ಎಲ್ಲರೂ ಕೂಡಿ ಲೆಕ್ಕ ಹಾಕಿದೆವು. ಆ ಹಂಗಾಮು ಹೋದರೆ ನಮ್ಮ ಒಲೆ ಆರಿದ ಹಾಗೆಯೇ. ಸಂಘದಲ್ಲಿ ಕೂಡಿಟ್ಟ ಹದಿನೆಂಟು ಸಾವಿರ ರೂಪಾಯಿ ಇತ್ತು. ನಮ್ಮದೇ ಒಂದು ಸಣ್ಣ ಗಿರಣಿ ತರುವುದು, ಜೋಳ ಬಿಟ್ಟು ಬೇರೇನೂ ಅದರಲ್ಲಿ ಹಾಕುವುದಿಲ್ಲ ಅಂತ ನಿಶ್ಚಯಿಸಿದೆವು. ತರುವ ಜವಾಬ್ದಾರಿ ಎಲ್ಲರೂ ಶೋಭಾಳ ಮೇಲೆ ಹಾಕಿದರು.

ದಸರಾ ಸೇಲಿನಲ್ಲಿ ಒಂದು ಗಿರಣಿ ಬಂತು. ಮೂವತ್ತೆರಡು ಸಾವಿರಕ್ಕೆ ಗೀಟು ಹೊಡೆದು ಹದಿನೇಳೂವರೆ ಅಂತ ಬರೆದಿದ್ದರು. ಎಲ್ಲರೂ, ತರಿಸು ತರಿಸು ಅಂದರು. ಶೋಭಾ ಗೆರೆ ತೆಗೆದಳು. ಆಷಾಢದಲ್ಲಿ ಅದೇ ಗಿರಣಿ ಹದಿನೈದಕ್ಕೆ ಇತ್ತು. ಹಬ್ಬ ಹತ್ತಿರ ಬಂದಾಗ ಇಪ್ಪತ್ತಕ್ಕೆ ಏರಿಸಿ, ಆಮೇಲೆ ಹದಿನೇಳೂವರೆಗೆ ಇಳಿಸಿದ್ದರು.

"ಮೂವತ್ತೆರಡು ಅನ್ನೋದು ಯಾವಾಗೂ ಇರಲೇ ಇಲ್ಲ. ಹಬ್ಬ ಮುಗೀಲಿ, ಹದಿನೈದರ ಒಳಗ ಬರ್ತೈತಿ" ಅಂದಳು.

"ಕೂಲರ್ ಬಂದಂಗ ಗಿರಣಿ ಮುಂದಿನ ವರ್ಷ ಬಂದೀತು" ಅಂದಳು ಹುಲಿಗೆಮ್ಮ.

"ಇಲ್ರೀ ಅತ್ತಿ. ದೀಪಾವಳಿ ಪಾಡ್ಯ ಅಂದ್ರ ಪಾಡ್ಯ. ಅದು ದಾಟಿ ಒಂದು ದಿನಾನೂ ಕಾಯಂಗಿಲ್ಲ. ಇಳೀಲಿಲ್ಲಂದ್ರ ಎಲ್ಲಿ ಸಿಗ್ತೈತಿ ಅಲ್ಲಿ ತರೋದು."

ಕಾಯುವುದಕ್ಕೂ ಗಡಿ ಹಾಕಿಕೊಂಡಿದ್ದಳು ನೋಡಿ. ಆ ಮಾತಿನ ಮೇಲೆ ಎಲ್ಲರೂ ಒಪ್ಪಿದರು.

ದೀಪಾವಳಿಗೆ ಇನ್ನೇನು ಸ್ವಲ್ಪ ದಿನ ಇದೆ ಅನ್ನುವಾಗ ಒಂದು ಮುಂಜಾನೆ, ನಾವೆಲ್ಲ ಬಡಿಯುತ್ತ ಕೂತಾಗ, ಫೋನಿನ ಗಂಟೆ ಬಾರಿಸಿತು. ಶೋಭಾ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿ ನೋಡಿದಳು.

"ಇಳೀತು! ಹನ್ನೆರಡು ಸಾವಿರಕ್ಕ ಇಳೀತು!"

ಶಾಹಜಾದಬಿ ಎದ್ದು ನಿಂತುಬಿಟ್ಟಳು. ಹುಲಿಗೆಮ್ಮ ಹಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿ, ಮೆಲ್ಲಗೆ ಕೇಳಿದಳು. "ಇವತ್ತ ಯಾವ ವಾರ?"

"ಶನಿವಾರ."

"ಶನಿವಾರ ಕಬ್ಬಣ ಕೊಳ್ಳಬಾರದು."

ಇದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಕುಡುಗೋಲು ಇರಲಿ, ಕುಂಟೆಯ ಕುಡ ಇರಲಿ, ಹಂಚೇ ಇರಲಿ, ಶನಿವಾರ ಕಬ್ಬಿಣ ಮನೆಗೆ ತರುವುದಿಲ್ಲ. ಗಿರಣಿಯೆಂದರೆ ಹೊಟ್ಟೆತುಂಬ ಕಬ್ಬಿಣ.

ಶೋಭಾ ಸೋಲಲಿಲ್ಲ. "ಅತ್ತಿ, ಇವತ್ತ ರೊಕ್ಕ ಕೊಡಂಗಿಲ್ರಿ. ಬರೇ ಹೇಳಿ ಇಡೋದು. ಸಾಮಾನು ಬಂದಾಗ ಕೈಯಾಗ ರೊಕ್ಕ ಕೊಡೋದು. ಅದು ಬುಧವಾರ ಬರ್ತೈತಂತ. ಹಂಗಾರ ನಾವು ಕೊಂಡದ್ದು ಬುಧವಾರ ಆತಲ್ರಿ?"

"ಹೌದಲಾ ಹುಲಿಗೆಮ್ಮಕ್ಕಾ," ಶಾಹಜಾದಬಿ ದನಿಗೂಡಿಸಿದಳು. "ಸಂತ್ಯಾಗ ಬದನಿಕಾಯಿ ರೇಟ್ ಕೇಳಿದ್ರ ಕೊಂಡಂಗ ಆತೇನು? ರೊಕ್ಕ ಕೊಟ್ಟಾಗ ಕೊಂಡಂಗ."

"ಹೌದಾ? ಹಂಗಾರ ನಿನ್ನ ಮಗಳನ್ನ ಕೊಟ್ಟಿದ್ದು ಯಾವತ್ತ? ಮಾತಾಡಿದ ದಿನಾನೋ, ನಿಕಾ ದಿನಾನೋ? ನಡುವ ಯಾರರ ಬಂದು ಕೇಳಿದ್ರ, ಆಗಲೇ ಕೊಟ್ಟೀವಿ ಅಂತ ಹೇಳಿದಿ. ಮಾತು ಕೊಟ್ಟ ದಿನಾನ ಕೊಟ್ಟಂಗ. ಇವತ್ತ ಆ ಫೋನ್ ಒತ್ತಿದ್ರ ಇವತ್ತ ಕೊಂಡಂಗ."

ತಂಗಿಯ ಮಾತಿನಲ್ಲಿ ಹುರುಳಿತ್ತು. ಎಲ್ಲರೂ ನನ್ನ ಮುಖ ನೋಡಿದರು.

ನಾನು ಅಂದೆ, "ಶೋಭಾ, ಗಿರಣಿ ಎಲ್ಲಾರ್ದು. ಒಬ್ಬರ ಮನಸ್ಸು ನೋಯಿಸಿ ತಂದ್ರ, ನಾಳೆ ಒಂದು ಕಲ್ಲು ಸಿಕ್ಕು ಗಿರಣಿ ಹಲ್ಲು ಮುರದ್ರೂ ಶನಿವಾರದ ಮ್ಯಾಗ ಹಾಕ್ತಾರ. ನಾಳೆ ಎದ್ದು ಮೊದಲ ಅದನ್ನ ಮಾಡು."

ಆಕೆ ಫೋನನ್ನು ಗೂಡಿನಲ್ಲಿಟ್ಟು ಬಂದು ಕೂತಳು. ಅವತ್ತು ಆಕೆ ಎಷ್ಟು ಜೋರಾಗಿ ಬಡಿದಳೆಂದರೆ ರೊಟ್ಟಿಯ ಆಚೆ ಬೆಳಕು ಕಾಣುತ್ತಿತ್ತು.

ಮರುದಿನ ನೋಡಿದರೆ ಗೆರೆ ಮತ್ತೆ ಗುಡ್ಡದ ಮೇಲೆ. ಹದಿನಾರೂವರೆ. ಶಾಹಜಾದಬಿ ಹುಲಿಗೆಮ್ಮನಿಗೆ, "ನಿನ್ನ ಶನಿವಾರ ನಾಕೂವರೆ ಸಾವಿರ ನುಂಗಿ ನೀರು ಕುಡೀತು" ಅಂದಳು. ಹುಲಿಗೆಮ್ಮ ಮುಖ ತಿರುಗಿಸಿ ಕೂತಳು. ಅತ್ತ ಗೋವಿಂದರಾಜ ಫೋನ್ ಮಾಡಿ, ಏನಾಯಿತು ನಿಮ್ಮ ವ್ಯವಸ್ಥೆ ಅಂತ ಕೇಳತೊಡಗಿದ. ಅಷ್ಟು ವರ್ಷ ಒಂದೇ ಒಲೆಯ ಸುತ್ತ ಕೂತವರು ಒಬ್ಬರ ಮುಖ ಒಬ್ಬರು ನೋಡದ ಹಾಗಾಯಿತು.

ಶೋಭಾ ಮಾತ್ರ ಜಗಳಕ್ಕೆ ಬರಲಿಲ್ಲ. ಒಂದು ಮೂಲೆಯಲ್ಲಿ ಕೂತು ಫೋನನ್ನೇ ನೋಡುತ್ತಿದ್ದಳು. ಒಂದೇ ದಿನ ಅಷ್ಟು ಕೆಳಗೆ ಇಳಿದು ಮರುದಿನವೇ ಮೇಲೆ ಯಾಕೆ ಏರಿತು ಅನ್ನುವುದು ಆಕೆಗೆ ಬಗೆಹರಿಯಬೇಕಿತ್ತು. ಗಿರಣಿಯ ಚಿತ್ರದ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಿರುತ್ತವಲ್ಲ, ಅವನ್ನೆಲ್ಲ ಓದಿದಳು. ಮರುದಿನ ಒಲೆ ಹಚ್ಚುವ ಮೊದಲು ಎಲ್ಲರನ್ನೂ ಕೂರಿಸಿಕೊಂಡು ಹೇಳಿದಳು.

"ನಾ ಒಂದು ತಪ್ಪು ಮಾಡೀನ್ರಿ. ಆ ಪುಟದಾಗ ಗಿರಣಿ ಒಂದಲ್ಲ, ಎರಡು ಅದಾವ. ಚಿತ್ರ ಒಂದ, ಹೆಸರು ಒಂದ. ಒಂದಕ್ಕ ಒಂದು ಎಚ್‌ಪಿ ಮೋಟಾರು, ಇನ್ನೊಂದಕ್ಕ ಅರ್ಧ. ಶನಿವಾರ ಅವರು ಸಣ್ಣದನ್ನ ಮುಂದ ಇಟ್ಟಿದ್ರು. ಇಳಿದಿದ್ದು ನಮ್ಮ ಗಿರಣಿ ಅಲ್ಲ, ಸಣ್ಣದು. ಅದು ಒಂದು ಮನಿಗೆ ಗೋದಿ ಬೀಸಾಕ ಸಾಕು. ನಮ್ಮ ಜೋಳ ಹಾಕಿದ್ರ ವಾರದಾಗ ಸುಟ್ಟು ಹೋಗ್ತಿತ್ತು. ಅವತ್ತ ನನ್ನ ಕೈಯಾಗ ಬಿಟ್ಟಿದ್ರ ನಾ ಅದನ್ನ ತರಸ್ತಿದ್ದೆ."

ಯಾರೂ ಕೇಳಿರಲಿಲ್ಲ. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹುಲಿಗೆಮ್ಮನ ಶನಿವಾರದಿಂದ ಲುಕ್ಸಾನಾಯಿತು ಅಂತಲೇ ಊರೆಲ್ಲ ಅನ್ನುತ್ತಿತ್ತು, ಈಕೆಯ ಹೆಸರು ಹಾಗೆಯೇ ಉಳಿಯುತ್ತಿತ್ತು. ಅದನ್ನು ತಾನಾಗಿ ಎಲ್ಲರ ಮುಂದೆ ಬಿಚ್ಚಿಟ್ಟಳು. ಸೀರೆಯ ಚೀಟಿ ಕಿತ್ತ ದಿನಕ್ಕಿಂತ ಅವತ್ತು ಆಕೆ ನನಗೆ ದೊಡ್ಡವಳಾಗಿ ಕಂಡಳು.

ಹುಲಿಗೆಮ್ಮನ ಮುಖ ಅರಳಿತು. "ನೋಡ್ರಿ! ಶನಿವಾರ ಕಾಯ್ತು!"

"ಕಾಯ್ತ್ರೀ ಅತ್ತಿ," ಶೋಭಾ ಅಂದಳು, "ಆದ್ರ ಮುಂದಿನ ಸಲ ಬುಧವಾರ ಇಳಿದ್ರ ಕಾಯೋರು ಯಾರು? ನಾನ ಓದಬೇಕು. ಗೆರಿ ಸುಳ್ಳು ಹೇಳಿಲ್ರಿ. ಯಾವ ಸಾಮಾನಿನ ಮಾತು ಹೇಳಾಕತ್ತೈತಿ ಅಂತ ನಾ ನೋಡಿಲ್ಲ."

ಶಾಹಜಾದಬಿ ಎದ್ದು ಹೋಗಿ ಹುಲಿಗೆಮ್ಮನ ಪಕ್ಕದಲ್ಲಿ ಕೂತಳು. "ಸರಿ ಬಿಡಕ್ಕಾ. ಇವತ್ತಿನಿಂದ ನಾನೂ ಶನಿವಾರ ಹಿಡೀತೀನಿ" ಅಂದಳು. ಎಲ್ಲರೂ ನಕ್ಕರು, ಒಲೆ ಹತ್ತಿತು.

ಪಾಡ್ಯ ಬಂತು. ದೊಡ್ಡ ಗಿರಣಿ ಹದಿನಾರಕ್ಕೆ ಬಂದು ನಿಂತಿತ್ತು, ಅದರ ಕೆಳಗೆ ಇಳಿಯಲಿಲ್ಲ. ಶೋಭಾ ತಾನೇ ಹಾಕಿದ ಗಡಿ ದಾಟಲಿಲ್ಲ. ಮರುದಿನ ನನ್ನನ್ನು ಕರೆದುಕೊಂಡು ಗಂಗಾವತಿಗೆ ಹೋದಳು. ಅಲ್ಲಿ ಉಮರಸಾಬರದು ಗಿರಣಿ, ಮೋಟಾರುಗಳ ಹಳೆಯ ಅಂಗಡಿ. ಅವರು ಅದೇ ಹೆಸರಿನ, ಒಂದು ಎಚ್‌ಪಿಯ ಗಿರಣಿ ತೋರಿಸಿ ಹದಿನೆಂಟು ಅಂದರು. ಶೋಭಾ ಫೋನ್ ತೆಗೆದಳು.

"ತಂಗೀ, ಅದನ್ನ ಒಳಗ ಇಡು, ಆಮ್ಯಾಲ ಮಾತಾಡೋಣು," ಅಂದರು ಉಮರಸಾಬ.

"ಫೋನ್ ಎಲ್ಲಿ ಮಾತಾಡ್ತೈತ್ರೀ ಕಾಕಾ, ಮಾತಾಡಾಕತ್ತಾಕಿ ನಾನು. ಇದು ಆಷಾಢದಾಗ ಹದಿನೈದು ಇತ್ತು. ಇವತ್ತ ಹದಿನಾರು. ನೀವ ನೋಡ್ರಿ."

ಉಮರಸಾಬ ಕನ್ನಡಕ ಹಾಕಿ ಗೆರೆಯನ್ನು ಆ ತುದಿಯಿಂದ ಈ ತುದಿಯ ತನಕ ನೋಡಿದರು. "ಭಾರೀ ಐತಲ್ಲವಾ ಇದು. ನಮ್ಮ ಖರೀದಿ ರೇಟೂ ಇದರಾಗ ಕಾಣ್ತೈತೇನು?"

"ಇಲ್ರಿ. ಅದು ಕಂಡಿದ್ರ ನಾ ಹದಿನೈದು ಅಂತಿದ್ದಿಲ್ಲ, ಹದಿಮೂರು ಅಂತಿದ್ದೆ."

ಅವರು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಮಾತು ಗಂಭೀರವಾಯಿತು. "ಫೋನಿನವರು ಡಬ್ಬಿ ನಿಮ್ಮೂರಿಗೆ ತರಂಗಿಲ್ಲ, ಕನಕಗಿರಿಗೆ ಇಳಿಸಿ ಹೋಗ್ತಾರ. ಕೂಡಿಸೋರು ಯಾರು? ಹಿಟ್ಟು ನುಣ್ಣಗ ಬರಾಕ ಜಾಲರಿ ಯಾವುದು ಹಾಕಬೇಕು ಅಂತ ಹೇಳೋರು ಯಾರು? ನಾ ಊರಿಗೆ ಬಂದು ಕೂಡಿಸಿ ಕೊಡ್ತೀನಿ. ಹದಿನಾರು ಕೊಡು."

"ಹದಿನೈದು. ಇನ್ನೊಂದು ಸಣ್ಣ ಜಾಲರಿ ಕೂಡ. ಮತ್ತ ರೊಕ್ಕ ಎಲ್ಲಾ ಇವತ್ತ ಕೊಡಂಗಿಲ್ರಿ. ಹತ್ತು ಈಗ, ಐದು ನಮ್ಮ ದೊಡ್ಡವ್ವ ಅದರ ಹಿಟ್ಟಿಲೆ ರೊಟ್ಟಿ ಬಡದು ಛಲೋ ಐತಿ ಅಂದಮ್ಯಾಗ."

ಉಮರಸಾಬ ನನ್ನನ್ನು ನೋಡಿದರು. ನನಗೂ ಅದು ಹೊಸ ಮಾತು. "ಅಮ್ಮಾರ ಅಂಚು ಸೀಳೇತಿ ಅಂದ್ರ?" ಅಂತ ಕೇಳಿದರು.

"ಗಿರಣಿ ನಿಮ್ಮದು, ಹತ್ತು ಸಾವಿರ ನಮ್ಮದು."

ಉಮರಸಾಬ ತಲೆ ಕೆರೆದುಕೊಂಡು ಒಪ್ಪಿದರು. ಹೊರಗೆ ಬಂದ ಮೇಲೆ ನಾನು, "ಫೋನಿನಾಗ ಇನ್ನೂ ಇಳೀತಿತ್ತೇನೋ" ಅಂದೆ. "ಇಳೀಬಹುದ್ರಿ ದೊಡ್ಡವ್ವಾ. ಆದ್ರ ತುಳಸಿ ಲಗ್ನ ಮುಂದಕ್ಕ ಹೋಗಂಗಿಲ್ಲಲ್ರಿ," ಅಂದಳು.

ಊರಿನವರು ನನ್ನನ್ನು ಕೇಳುತ್ತಾರೆ, ಆ ಗೆರೆಯಿಂದ ಖರೇನೇ ಲಾಭ ಐತೇನು ಅಂತ. ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ. ಮೂವತ್ತೆರಡರ ಸುಳ್ಳನ್ನು ಅದು ಹೊರಗೆಳೆಯಿತು. ಹದಿನೈದು ಅಂತ ಗಟ್ಟಿಯಾಗಿ ಕೇಳಲಿಕ್ಕೆ ಬಾಯಿ ಕೊಟ್ಟಿತು. ಅರ್ಧ ಎಚ್‌ಪಿಯ ಗಿರಣಿಯ ಮುಂದೆ ನಮ್ಮನ್ನು ತಂದು ನಿಲ್ಲಿಸಿದ್ದೂ ಅದೇ. ಗೆರೆ ಎಲ್ಲರ ಫೋನಿನಲ್ಲೂ ಬರುತ್ತದೆ, ಶೋಭಾ ಎಲ್ಲರ ಮನೆಯಲ್ಲೂ ಇರುವುದಿಲ್ಲ.

ನಿನ್ನೆ ಗಿರಣಿ ಬಂತು. ಗುರುವಾರ, ಹುಲಿಗೆಮ್ಮ ಮೊದಲೇ ವಾರ ನೋಡಿ ಇಟ್ಟಿದ್ದಳು. ಟಂಟಂನಲ್ಲಿ ಗಿರಣಿಯ ಜೊತೆ ಉಮರಸಾಬರೂ ಬಂದು, ಪಡಸಾಲೆಯ ಮೂಲೆಯಲ್ಲಿ ಕೂಡಿಸಿದರು. ದುರಗೇಶ ತಂತಿ ಎಳೆದು ಕೊಟ್ಟ. ಹುಲಿಗೆಮ್ಮ ಕುಂಕುಮ ಹಚ್ಚಿದಳು, ಶಾಹಜಾದಬಿ ಕಾಯಿ ತಂದಿದ್ದಳು. ಕನಕಗಿರಿಗೆ ಬಂದಿದ್ದ ಗೋವಿಂದರಾಜನೂ ಸುದ್ದಿ ಕೇಳಿ ಬಂದು ಬಾಗಿಲಲ್ಲಿ ನಿಂತ. ಮೊದಲು ಬೀಸಿದ ಹಿಟ್ಟಿನಲ್ಲಿ ಎಣ್ಣೆಯ ವಾಸನೆ ಇರುತ್ತದೆ ಅಂತ ಅದನ್ನು ಬದಿಗಿಟ್ಟರು. ಸಣ್ಣ ಜಾಲರಿ ಹಾಕಿ ಎರಡನೆಯ ಸಲ ಬೀಸಿದ ಹಿಟ್ಟನ್ನು ಶೋಭಾ ಪರಾತದಲ್ಲಿ ತಂದು ನನ್ನ ಮುಂದೆ ಇಟ್ಟಳು.

ನಾನು ಒಂದು ಚಿಟಿಕೆ ತೆಗೆದು ಬೆರಳುಗಳ ನಡುವೆ ತಿಕ್ಕಿದೆ. ನುಣುಪಿತ್ತು, ತೀರಾ ಬಿಸಿಯಾಗಿರಲಿಲ್ಲ. ಮೂಸಿದೆ, ಜೋಳದ್ದೇ ವಾಸನೆ. ಕುದಿಯುವ ಎಸರು ಹಾಕಿ ನಾದಿದೆ. ಹಿಟ್ಟು ಅಂಗೈಗೆ ಹತ್ತಿ ಬಿಟ್ಟಿತು. ಜಿಗಿ ಇತ್ತು. ಆದರೂ ನಾನು ಬಾಯಿ ಬಿಡಲಿಲ್ಲ, ಬಡಿಯದೆ ಹೇಳಬಾರದು. ಕಲ್ಲಿನ ಮೇಲೆ ಹಾಕಿ ಸುತ್ತ ತಿರುಗಿಸುತ್ತ ಬಡಿದೆ. ಅಂಚು ತೆಳ್ಳಗಾಗುತ್ತ ಹೋಯಿತು, ಎಲ್ಲೂ ಸೀಳಲಿಲ್ಲ. ಹಂಚಿಗೆ ಹಾಕಿ ನೀರು ಸವರಿದೆ. ಮಗುಚಿದ ಮೇಲೆ ನಡುವಿನಿಂದ ಉಬ್ಬಿ ಎದ್ದಿತು.

ಮೊದಲ ಚೂರು ಉಮರಸಾಬರಿಗೆ ಕೊಟ್ಟೆ, ಎರಡನೆಯದು ಗೋವಿಂದರಾಜನಿಗೆ. ಗೋವಿಂದರಾಜ ಚಟ್ನಿಯನ್ನೂ ಹಚ್ಚಿಕೊಳ್ಳದೆ ಬರಿದೇ ಅಗಿದ. "ಖಾರ ಎಲ್ಲಿ ಹೋತ್ರಿ?" ಅಂದ. "ನಾಡ್ದಿನಿಂದ ಕಟ್ಟು ಕಳಸ್ರಿ. ಕಾರಟಗಿಯವರಿಗೆ ನಾ ಹೇಳ್ತೀನಿ."

ಶಾಹಜಾದಬಿ ಹುಲಿಗೆಮ್ಮನ ಹೆಗಲು ಹಿಡಿದು ಅಲ್ಲಾಡಿಸಿದಳು. ಶೋಭಾ ಮಾತ್ರ ಇನ್ನೂ ನಗಲಿಲ್ಲ. ಸಂಘದ ಚೀಲದಿಂದ ಐದು ಸಾವಿರ ತೆಗೆದು ಕೈಯಲ್ಲಿ ಹಿಡಿದಿದ್ದಳು. ಉಮರಸಾಬ ತಿಂದರು, ಗೋವಿಂದರಾಜ ಒಪ್ಪಿದ, ಆದರೆ ಮಾತಾದದ್ದು ನಾನು ಹೇಳಿದ ಮೇಲೆ ಅಂತ. ಅಷ್ಟು ಜನರ ನಡುವೆ ಆಕೆ ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ನನ್ನ ಮುಖವನ್ನೇ ನೋಡುತ್ತ ಕೇಳಿದಳು:

"ದೊಡ್ಡವ್ವಾ, ನೀವು ಹೇಳ್ರಿ. ಕಾಕಾರ ರೊಕ್ಕ ಕೊಟ್ಟುಬಿಡ್ಲೇನ್ರಿ?"